ಬೋರ್ಡಿಗೆ ಬೆನ್ನು ಕೊಟ್ಟ ಮೇಷ್ಟ್ರು

ನಮ್ಮ ಲೆಕ್ಕದ ಮೇಷ್ಟ್ರ ಪಾಠವನ್ನು ಅವರ ಕೋಟಿನ ಬೆನ್ನ ಮೇಲೂ ಓದಬಹುದಿತ್ತು. ಬೋರ್ಡಿನ ಕಡೆ ಮುಖ ತಿರುಗಿಸಿ ಬರೆಯುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಬೋರ್ಡಿಗೇ ಒರಗಿ, ನಮ್ಮನ್ನೇ ನೋಡುತ್ತ, ಕೈಯನ್ನು ಹಿಂದಕ್ಕೆ ಚಾಚಿ ಬರೆಯುತ್ತಿದ್ದರು. ಸಾಲುಗಳೆಲ್ಲ ಇಳಿಜಾರಿನಲ್ಲಿ ಜಾರಿದಂತೆ ಸೊಟ್ಟಗಾಗಿ, ಅರ್ಧ ಲೆಕ್ಕ ಬೋರ್ಡಿನಲ್ಲಿ ಉಳಿದು ಇನ್ನರ್ಧ ಆ ಕಂದು ಕೋಟಿಗೆ ಅಂಟಿ, ಸಂಜೆ ಅವರು ಬಸ್ ಸ್ಟಾಪಿನತ್ತ ನಡೆದರೆ ಹಿಂದಿದ್ದವರಿಗೆಲ್ಲ ವರ್ಗಮೂಲಗಳ ಉಲ್ಟಾ ದರ್ಶನ. ಕೇಳಿದರೆ, "ಬೋರ್ಡ್ ನಾನು ನೋಡಿದ್ದೇ ಕಣ್ರೋ. ನಿಮ್ಮ ಮುಖ ದಿನಾ ಬೇರೆ ಇರುತ್ತೆ" ಎನ್ನುತ್ತಿದ್ದರು.

ನನ್ನ ಅಕ್ಕ ಅವರಲ್ಲಿ ಓದಿದವಳಲ್ಲ. ನರ್ಸಿಂಗ್ ಸೇರಿದ್ದ ಅವಳು ಔಷಧದ ಪ್ರಮಾಣ ಲೆಕ್ಕ ಹಾಕುವ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದಳು. ಇನ್ನೊಮ್ಮೆ ಹೊಡೆದರೆ ಕೋರ್ಸಿನಿಂದಲೇ ಹೊರಗೆ. "ಮೊಬೈಲಲ್ಲಿ ಇಲ್ಲದ್ದು ಯಾವ ಮೇಷ್ಟ್ರ ತಲೇಲಿದೆಯಮ್ಮಾ?" ಎಂಬ ಸೋದರಮಾವನ ಮಾತು ನಂಬಿ ಒಂದೇ ವಿಡಿಯೊವನ್ನು ಎಷ್ಟು ಸಲ ನೋಡಿದ್ದಳೆಂದರೆ, ಅದರೊಳಗಿನವನು ಎಲ್ಲಿ ಕೆಮ್ಮುತ್ತಾನೆ ಎಂಬುದೂ ಬಾಯಿಪಾಠವಾಗಿತ್ತು. ಲೆಕ್ಕ ಮಾತ್ರ ಬರುತ್ತಿರಲಿಲ್ಲ.

ಅವಳನ್ನು ಮೇಷ್ಟ್ರ ಮನೆಗೆ ಎಳೆದುಕೊಂಡು ಹೋದೆ. ಮೊಬೈಲಿಗೆ ಬೈಯುತ್ತಾರೆಂದು ಕಾದರೆ, "ತೋರ್ಸಮ್ಮಾ ನಿನ್ನ ಗುರುಗಳನ್ನ" ಎಂದು ಆ ವಿಡಿಯೊವನ್ನೇ ಹಾಕಿಸಿದರು. "ಭೇಷ್! ನನಗಿಂತ ಚೆನ್ನಾಗಿ ಹೇಳ್ತಾನಲ್ಲೋ ಇವನು" ಎಂದು ನನ್ನತ್ತ ಕಣ್ಣು ಮಿಟುಕಿಸಿದರು. ಆದರೆ ಅವರು ನೋಡುತ್ತಿದ್ದದ್ದು ಪರದೆಯನ್ನಲ್ಲ, ಅಕ್ಕನನ್ನು. ಎಲ್ಲಕ್ಕೂ ತಲೆಯಾಡಿಸುತ್ತಿದ್ದ ಅವಳ ಹುಬ್ಬು ಒಂದು ಕಡೆ ಚೂರೇ ಚೂರು ಗಂಟಾಯಿತು. ತಟ್ಟನೆ ವಿಡಿಯೊ ನಿಲ್ಲಿಸಿದರು.

"ಇಲ್ಲೇನೋ ನುಂಗ್ಕೊಂಡೆ. ಹೇಳು."

"ಏನಿಲ್ಲ ಸಾರ್."

"ನಾನು ನಗಲ್ಲ. ನಿನ್ನ ತಮ್ಮ ನಕ್ಕರೆ ಆಚೆ ನಿಲ್ಲಿಸ್ತೀನಿ."

ಅಕ್ಕ ನೆಲ ನೋಡಿದಳು. "ಭಾಗಿಸಿದ್ರೆ ಕಮ್ಮಿ ಆಗ್ಬೇಕಲ್ವಾ ಸಾರ್? ಅರ್ಧದಿಂದ ಭಾಗಿಸಿದ್ರೆ ಜಾಸ್ತಿ ಹೇಗಾಗುತ್ತೆ? ಇಷ್ಟು ದೊಡ್ಡವಳಾಗಿ ಇದನ್ನ ಯಾರನ್ನ ಕೇಳ್ಲಿ?"

ಮೇಷ್ಟ್ರು ಜೇಬಿನಿಂದ ನಾಲ್ಕು ಸೀಮೆಸುಣ್ಣ ತೆಗೆದಿಟ್ಟರು. "ಇದ್ರಲ್ಲಿ ಅರ್ಧ ತುಂಡು ಎಷ್ಟಿದಾವೆ? ಮುರಿದು ನೋಡು."

ಪಟ್, ಪಟ್ ಎಂದು ಮುರಿಯುತ್ತ ಹೋದ ಅಕ್ಕ ಕೊನೆಯದಕ್ಕೆ ಕೈ ಹಾಕುವ ಮೊದಲೇ ಕಿರುಚಿದಳು: "ಎಂಟು! ಅಯ್ಯೋ ಸಾರ್, ಹಾಗಾದ್ರೆ ಎರಡು ಗ್ರಾಂ ಔಷಧ ಕೊಡ್ಬೇಕು, ಮಾತ್ರೆ ಅರ್ಧ ಗ್ರಾಂದು ಅಂದ್ರೆ ನಾಲ್ಕು ಮಾತ್ರೆ! ಇಷ್ಟೇನಾ?"

"ಇಷ್ಟೇ ತಾಯಿ."

ಮೂರನೇ ಸಲದ ಪರೀಕ್ಷೆಯ ಫಲಿತಾಂಶ ಬಂತು, ಅಕ್ಕ ಪಾಸು, ಅದೂ ತರಗತಿಗೇ ಮೊದಲು. ಸೋದರಮಾವ ಫೋನ್ ಮಾಡಿ, "ನೋಡ್ದ್ಯಾ? ನನ್ನ ಮಗನಿಗೂ ಆ ವಿಡಿಯೊ ಕಳಿಸಮ್ಮಾ" ಎಂದರು. ಅಕ್ಕ ಮೇಷ್ಟ್ರ ಮನೆ ವಿಳಾಸ ಕಳಿಸಿದಳು.

ಹೇಳಿಕೊಡುವವರು ಈಗ ಎಲ್ಲರ ಅಂಗೈಯಲ್ಲೂ ಇದ್ದಾರೆ, ಇರಲಿ, ಒಳ್ಳೆಯದೇ. ಆದರೆ ಬಾಯಿಗೆ ಬರಲು ನಾಚುವ ಪ್ರಶ್ನೆಯನ್ನು ಎದುರಿನವರ ಮುಖದಿಂದಲೇ ಎತ್ತಿಕೊಳ್ಳುವ ಒಂದು ಕುಲವಿದೆ. ಅಂಥವರ ಕಣ್ಣೆದುರು ಕೂತವರು ಎಷ್ಟೇ ಹಟ ಹಿಡಿದರೂ ಬಹಳ ದಿನ ದಡ್ಡರಾಗಿ ಉಳಿಯಲಾರರು.