ಹಗಲಲ್ಲೇ ಹೆಣ್ಣು ತೋರಿಸುವ ಮನೆ

ಯಲಿಯೂರಿನ ಆ ಮನೆಯಲ್ಲಿ ಹೆಣ್ಣು ತೋರಿಸುವ ಶಾಸ್ತ್ರ ಹೊತ್ತು ಮುಳುಗಿದ ಮೇಲೆ ಎಂದೂ ನಡೆದದ್ದಿಲ್ಲ. ನೆಂಟರಿಗೆ ಮಧ್ಯಾಹ್ನವೇ ಊಟ ಹಾಕಿ, ನೆರಳು ಉದ್ದವಾಗುವ ಮೊದಲೇ ಗಾಡಿ ಹತ್ತಿಸುತ್ತಿದ್ದರು. ಬಂದವರು ಅದನ್ನು ಮರ್ಯಾದೆ ಎಂದುಕೊಂಡು ಹೋಗುತ್ತಿದ್ದರು. ಬಹಳ ಸಲ ನೆಂಟರು ಬರುವ ಪ್ರಮೇಯವೇ ಇರಲಿಲ್ಲ. ಮನೆಯ ಹೆಣ್ಣು ಮನೆಯ ಗಂಡಿಗೇ ಆಗುತ್ತಿತ್ತು.

ಸಿದ್ದರಾಮುವಿನ ಅಪ್ಪ ತನ್ನ ಅಕ್ಕನ ಮಗಳನ್ನು ಮದುವೆಯಾಗಿದ್ದ. ಹುಟ್ಟಿದ ಮೂವರಲ್ಲಿ ಅಕ್ಕ ದೇವಿರಮ್ಮನ ಕಣ್ಣು ಚೆನ್ನಾಗಿತ್ತು. ಅಣ್ಣ ಹೊನ್ನಯ್ಯನಿಗೂ ಸಿದ್ದರಾಮುವಿಗೂ ಇರುಳುಗಣ್ಣು. ಕತ್ತಲಾದರೆ ಏನೂ ಕಾಣದು. ಕಬ್ಬಿಗೆ ನೀರು ಕಟ್ಟುವ ಸರದಿ ಒಮ್ಮೆ ಇರುಳಿಗೆ ಬಿತ್ತು. ಊರಿಗೆ ತಿಳಿಯಬಾರದೆಂದು ಹೊನ್ನಯ್ಯ ಒಬ್ಬನೇ ಹೋದ. ಬೆಳಿಗ್ಗೆ ನಾಲೆಯಲ್ಲಿ ಹೆಣವಾಗಿ ಸಿಕ್ಕಿದ. ಕುಡಿದು ಬಿದ್ದ ಎಂದು ಮನೆಯವರೇ ಊರಿಗೆ ಹೇಳಿದರು. ಅವನು ಹೆಂಡ ಮುಟ್ಟಿದವನಲ್ಲ.

ಗಂಡ ತೀರಿಕೊಂಡ ಮೇಲೆ ದೇವಿರಮ್ಮ ಮಗಳನ್ನು ಕಟ್ಟಿಕೊಂಡು ತವರಿಗೆ ಬಂದಿದ್ದಳು. ಮಗಳು ಮಲ್ಲಿಗಮ್ಮ ತಮ್ಮ ಸಿದ್ದರಾಮುವಿಗೇ ಎಂದು ತೊಟ್ಟಿಲಲ್ಲೇ ಮಾತಾಗಿತ್ತು. ಸುಗ್ಗಿ ಮುಗಿದರೆ ಮದುವೆ. ಅಷ್ಟರಲ್ಲಿ ಸಿದ್ದರಾಮುವಿಗೆ ಹಗಲೂ ಕಿರಿದಾಗುತ್ತ ಬಂತು. ಎದುರಿನ ಎತ್ತು ಕಾಣುತ್ತಿತ್ತು, ಪಕ್ಕದ ಎತ್ತು ಕಾಣುತ್ತಿರಲಿಲ್ಲ. ಒಲೆ ಊದುವ ಕೊಳವೆಗೆ ಕಣ್ಣಿಟ್ಟು ಲೋಕ ನೋಡಿದ ಹಾಗೆ. ಯಾರಿಗೂ ಹೇಳದೆ ರೈಲು ಹತ್ತಿ ಮಂಡ್ಯಕ್ಕೆ ಹೋದ. ಮೈಸೂರಿನ ಕಣ್ಣಿನ ಡಾಕ್ಟರೊಬ್ಬರು ಅಲ್ಲಿಗೆ ಆಗಾಗ ಬರುತ್ತಿದ್ದರು.

ಡಾಕ್ಟರು ವಯಸ್ಸಾದವರು. ಕಣ್ಣಿಗೆ ದೀಪ ಹಿಡಿದು ನೋಡಿದರು. ಆಮೇಲೆ ದೀಪ ಆರಿಸಿ, ಕಣ್ಣಿನ ವಿಷಯ ಬಿಟ್ಟು ಬೇರೇನೋ ಕೇಳಿದರು.

"ನಿಮ್ಮಪ್ಪ ಅಮ್ಮ ಮದುವೆಗೆ ಮುಂಚೆ ಏನಾಗಬೇಕಿತ್ತಪ್ಪ?"

"ಮಾವ, ಅಕ್ಕನ ಮಗಳು."

"ನಿನಗೆ ಮದುವೆ?"

"ಆಗ್ಬೇಕು ಬುದ್ಧಿ. ಅಕ್ಕನ ಮಗಳೇ."

ಡಾಕ್ಟರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಇದಕ್ಕೆ ಔಷಧಿ ಇಲ್ಲ. ಇದೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡ. ಇದು ಮನೆತನದಲ್ಲಿ ಇಳಿದು ಬರೋದು. ನಿನ್ನಲ್ಲಿ ಎದ್ದಿದೆ. ನಿಮ್ಮಕ್ಕನಲ್ಲಿ ಮಲಗಿರಬಹುದು, ಅವಳ ಮಗಳಲ್ಲೂ ಮಲಗಿರಬಹುದು. ಮಲಗಿದ್ದರೆ ಅವರಿಗೇನೂ ತೊಂದರೆ ಇಲ್ಲ. ಅಪ್ಪನಿಂದ, ಅಮ್ಮನಿಂದ, ಎರಡು ಕಡೆಯಿಂದಲೂ ಬಂತೋ, ಮಗುವಿನಲ್ಲಿ ಏಳುತ್ತೆ."

"ಅಜ್ಜ ಏನೋ ಪಾಪ ಮಾಡಿದ್ದ ಅಂತಾರೆ."

"ಯಾರ ಪಾಪವೂ ಅಲ್ಲ. ನಿಮ್ಮಮ್ಮನದೂ ಅಲ್ಲ."

"ಅಂಗಾರೆ ಮದ್ವೆ ಬೇಡ ಅಂತೀರಾ?"

"ಬೇಡ ಅನ್ನೋಕೆ ನಾನು ಯಾರು? ಅವಳಲ್ಲಿ ಇದ್ದೇ ಇದೆ ಅಂತಲೂ ನಾನು ಹೇಳಲಾರೆ. ತಿಳಿದದ್ದು ಹೇಳಿದೆ. ಹುಡುಗಿಗೂ ಹೇಳು. ಅವಳೂ ಯೋಚನೆ ಮಾಡಲಿ."

ಅವನ ತಾಯಿ ಪಾಪ ತನ್ನದೇ ಎಂದು ಗುಡಿಗುಡಿ ಸುತ್ತಿ, ಹರಕೆಗೆ ನೆಲದ ಮೇಲೆ ಅನ್ನ ಉಂಡು, ಹಾಗೇ ಸತ್ತಿದ್ದಳು. ಅವಳದ್ದಲ್ಲ ಎಂಬ ಮಾತನ್ನು ಹೊತ್ತುಕೊಂಡು ಅವನು ಆಸ್ಪತ್ರೆಯ ಮೆಟ್ಟಿಲಿಳಿದ. ಆ ಮಾತನ್ನು ಕೊಡುವುದಕ್ಕೆ ಅವಳೇ ಇರಲಿಲ್ಲ.

ಯುದ್ಧಕ್ಕೆ ಹೊರಟ ಸಿಪಾಯಿಗಳ ರೈಲಿಗೆ ದಾರಿ ಬಿಟ್ಟು ಅವನ ರೈಲು ತಡವಾಯಿತು. ಯಲಿಯೂರಿನಲ್ಲಿ ಇಳಿದಾಗ ಕತ್ತಲು. ಎಲ್ಲಿ ಇಳಿದನೋ ಅಲ್ಲೇ ನಿಂತ.

"ಯಾರೋ ಅಮಲ್ದಾರ್ರು ಇಳುದ್ರು ಅನ್ಕಂಡ್ರೆ, ನೀನಾ ಮಾವ?" ಮಲ್ಲಿಗಮ್ಮನ ದನಿ. ಅವನು ರೈಲು ಹತ್ತಿದ್ದನ್ನು ಯಾರಿಂದಲೋ ಕೇಳಿ, ಕತ್ತಲಾಯಿತೆಂದು ಬಂದಿದ್ದಳು.

"ನೀನ್ಯಾಕೆ ಬಂದೆ?"

"ನಿನ್ನ ಯಾರಾರ ಕದ್ಕೊಂಡೋದ್ರೆ? ಕೊಡೆ ಕೊಡು ಇಲ್ಲಿ."

ಅದು ಅವರ ಹಳೆಯ ಉಪಾಯ. ಮಡಿಸಿದ ಕೊಡೆಯ ಹಿಡಿ ಅವಳ ಕೈಯಲ್ಲಿ, ತುದಿ ಅವನ ಕೈಯಲ್ಲಿ. ನೋಡಿದವರಿಗೆ ಮಾವ ಸೊಸೆ ಕೊಡೆಗಾಗಿ ಎಳೆದಾಡುತ್ತಿದ್ದಾರೆ ಅನ್ನಿಸಬೇಕು. ಹಾಗೆ ನಡೆಯುತ್ತ ಅವನು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದ. ಹಳ್ಳ ಬಂದಾಗ ಅವಳು, "ಇಲ್ಲಿ ಕಾಲು ಎತ್ತಾಕು" ಎಂದಳು.

ದೇವಿರಮ್ಮ ಮರುದಿನ ರಾಗಿ ಬೀಸುತ್ತ ಕೇಳಿಸಿಕೊಂಡಳು. ಕಲ್ಲು ನಿಲ್ಲಿಸಲಿಲ್ಲ.

"ನಿನ್ ಕಣ್ಣು ಪೂರಾ ಓಗ್ಬುಟ್ರೆ ಕೈ ಇಡ್ಕಂಡು ನಡಸೋಳು ಯಾರ್ಲಾ? ಆ ಡಾಕ್ಟ್ರು ಬತ್ತಾನಾ?"

"ಅದಕ್ಕೇಂತ ಮಲ್ಲೀನ ಕಟ್ಕಳದಾ? ಉಟ್ಟೋ ಮಗೀಗೂ ಇಂಗೇ ಆದ್ರೆ?"

"ಉಟ್ದೇ ಇರೋ ಮಗೀಗೆ ಈಗ್ಲೇ ಅಳ್ತಾ ಕೂತವ್ನೆ ನೋಡು."

"ಅಕ್ಕಾ, ಒನ್ನಣ್ಣನ ನಾಲೇಲಿ ನೋಡ್ಲಿಲ್ವಾ ನೀನು?"

ಕಲ್ಲು ನಿಂತಿತು. "ಇರುಳುಗಣ್ಣಿನ ಮಕ್ಕಳು ಉಟ್ಟಬಾರ್ದು ಅಂತೀಯಲ್ಲ, ಅಂಗಾರೆ ನೀನೂ ಉಟ್ಟಬಾರ್ದಾಗಿತ್ತಾ? ಜವಾಬು ಏಳ್ಲಾ ಸಿದ್ದ. ನಿನ್ನ ಎತ್ತಿ ಆಡ್ಸಿದೋಳು ನಾನು. ನನ್ ಮುಂದೆ ಏಳು."

ಬದುಕು ಅವನಿಗೆ ಬೇಡವಾಗಿರಲಿಲ್ಲ. ಬೆಳಗಿನ ಬಿಸಿಲು, ಗಾಣದ ಮನೆಯ ಬಿಸಿ ಬೆಲ್ಲ, ಕೊಡೆಯ ಇನ್ನೊಂದು ತುದಿ, ಎಲ್ಲವೂ ಬೇಕಾಗಿತ್ತು. ಅಕ್ಕ ಕೇಳಿದ್ದನ್ನು ಅವನು ಡಾಕ್ಟರನ್ನು ಕೇಳಿರಲಿಲ್ಲ. ಕೇಳಿದ್ದರೂ ಅವರು ಏನು ಹೇಳುತ್ತಿದ್ದರೋ.

ಸಂಜೆ ಅವನು ಜಗಲಿಯ ಮೇಲಿದ್ದಾಗ ಮಲ್ಲಿಗಮ್ಮ ಬಂದು ಪಕ್ಕದಲ್ಲಿ ಕೂತಳು.

"ಮಾವ, ಕತ್ಲಾದ್ರೆ ಎಂಗಿರ್ತದೆ ನಿಂಗೆ? ಚಿಕ್ಕೋನಾಗಿದ್ದಾಗ ಎಂಗಿತ್ತು?"

ಏನೂ ಇಲ್ಲ, ರೂಢಿಯಾಗುತ್ತದೆ ಎಂದರೆ ಸಾಕಿತ್ತು. ಅವಳು ಉಳಿಯುತ್ತಿದ್ದಳು. ಆ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು.

"ಬೆಳುದಿಂಗ್ಳಲ್ಲಿ ಐಕಳೆಲ್ಲ ಆಡೋಕೆ ಓಗೋರು," ಎಂದ. "ನಾನು ಒಟ್ಟೆನೋವು ಅಂತ ಮನೀಕತಿದ್ದೆ. ಅವು ನಗೋದು ಕೇಳ್ತಿತ್ತು. ಅವ್ವ ನನ್ನ ಮುಂದೆ ದೀಪ ಇಡ್ಕಂಡು ಆ ಕಡೆ ಈ ಕಡೆ ಆಡ್ಸೋಳು. ಕಾಣ್ತದಾ ಮಗಾ, ಕಾಣ್ತದಾ ಅನ್ನೋಳು. ದೀಪ ಒಂದು ಕಾಣ್ತಿತ್ತು. ಅವಳ ಮಖ ಕಾಣ್ತಿರ್ಲಿಲ್ಲ. ಆದ್ರೂ ಕಾಣ್ತದೆ ಅಂತಿದ್ದೆ."

ಅವಳು ಗೋಡೆಗೆ ಒರಗಿಸಿದ್ದ ಕೊಡೆಯ ಹಿಡಿ ಹಿಡಿದುಕೊಂಡಳು.

"ನಿನ್ ಕೈ ಸಾಯೋಗಂಟ ಇಡೀತಿದ್ದೆ ಮಾವ. ಅದು ನಂಗೆ ಕಷ್ಟ ಅಲ್ಲ. ಆದ್ರೆ ಅಂಗೆ ದೀಪ ಇಡ್ಕಂಡು ಕೂರಾಕೆ ನನ್ ಕೈಲಿ ಆಗಾಕಿಲ್ಲ."

"ಊಂ ಕಣವ್ವ," ಎಂದ ಸಿದ್ದರಾಮು.

ಮಲ್ಲಿಗಮ್ಮನಿಗೆ ಹಲಗೂರಿನ ಕಡೆಯ ಗಂಡು ಸಿಕ್ಕಿತು. ಹೊರಗಿನವರಾದರೆ ಅದು ಮಲಗಿದಲ್ಲೇ ಉಳಿಯುವುದು ಹೆಚ್ಚು ಎಂದು ಡಾಕ್ಟರು ಇನ್ನೊಮ್ಮೆ ಹೋದಾಗ ಹೇಳಿದ್ದರು. ಗಂಡಿನ ಕಡೆಯವರಿಗೂ ತಿಳಿಸೋಣ ಎಂದ ಸಿದ್ದರಾಮು. "ಬೀದೀಲಿ ನಿಲ್ಸು ನನ್ನ" ಎಂದಳು ದೇವಿರಮ್ಮ. ಹೆಣ್ಣನ್ನು ಎಂದಿನಂತೆ ಹಗಲಲ್ಲೇ ತೋರಿಸಿದರು.

ಮದುವೆ ಗಂಡಿನ ಊರಿನಲ್ಲಿ. ಮುಹೂರ್ತ ಬೆಳಕು ಹರಿಯುವುದಕ್ಕೂ ಮುಂಚೆ. ಹೆಣ್ಣನ್ನು ಹಸೆಗೆ ಕರೆತರಬೇಕಾದವನು ಸೋದರಮಾವ, ಅದನ್ನು ತಪ್ಪಿಸುವಂತಿರಲಿಲ್ಲ. ಯುದ್ಧದ ದಿನಗಳು, ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಚಪ್ಪರಕ್ಕೆಲ್ಲ ಒಂದೇ ಒಂದು ದೀಪ. ಸಿದ್ದರಾಮುವಿಗೆ ಅದು ಕತ್ತಲಲ್ಲಿ ಇಟ್ಟ ಹಳದಿ ಬೊಟ್ಟಿನಂತೆ ಕಂಡಿತು. ಸುತ್ತ ಗೊತ್ತಿಲ್ಲದ ನೆಲ, ಗೊತ್ತಿಲ್ಲದ ಜನರ ಕೆಮ್ಮು.

ಅವನು ಕೈ ಚಾಚಿದ. ಮಲ್ಲಿಗಮ್ಮನ ಅರಿಸಿನದ ಕೈ ಬಂದು ಸೇರಿತು. ತಲೆ ಬಗ್ಗಿಸಿ, ನಾಚಿದವಳಂತೆ ಒಂದು ಹೆಜ್ಜೆ ಹಿಂದೆಯೇ ಇದ್ದು, ಬೆರಳಿನಿಂದಲೇ ಅವನನ್ನು ನಡೆಸಿದಳು. ಒತ್ತಿದರೆ ಮೆಟ್ಟಿಲು, ಎಳೆದರೆ ಎಡಕ್ಕೆ.

"ಸೋದರಮಾವ ಅಂದ್ರೆ ಇಂಗಿರ್ಬೇಕು. ಮೊಟ್ಟೆ ಇಡ್ಕಂಡಂಗೆ ಕರ್ಕಬತ್ತಾವ್ನೆ," ಎಂದಳು ಗಂಡಿನ ಕಡೆಯ ಹೆಂಗಸೊಬ್ಬಳು.

ಹಸೆಯ ಹತ್ತಿರ ಅವಳ ಬೆರಳು ನಿಂತವು. ಅವನ ಅಂಗೈಯನ್ನು ಒಯ್ದು ಪಕ್ಕದ ಚಪ್ಪರದ ಕಂಬಕ್ಕೆ ತಾಕಿಸಿ ಬಿಟ್ಟವು.

ಧಾರೆ ಮುಗಿಯಿತು. ಜನ ಎದ್ದು ಊಟದ ಕಡೆ ಹೋದರು. ಅವನು ಕಂಬವನ್ನು ಹಿಡಿದೇ ನಿಂತಿದ್ದ.

"ಏನ್ಲಾ, ಕಂಬಕ್ಕೇ ತಾಳಿ ಕಟ್ಟೀಯಾ?" ಯಾರೋ ನಕ್ಕರು. ಇನ್ನೊಬ್ಬ ಸೇರಿಸಿದ: "ಕೈಗೆ ಬಂದಿದ್ ಎಣ್ಣು ತಪ್ಪೋಯ್ತು ಅಂತ ದುಕ್ಕ ಕಣ್ಲಾ ಅವ್ನಿಗೆ."

"ಊಂ ಕಣಣ್ಣ, ಅದೇಯ," ಎಂದು ಸಿದ್ದರಾಮುವೂ ನಕ್ಕ. ನಕ್ಕು, ಪೂರ್ವ ಎಂದುಕೊಂಡ ಕಡೆಗೆ ಮುಖ ಮಾಡಿ, ಬೆಳಗಾಗುವುದನ್ನು ಕಾಯತೊಡಗಿದ.