ಹಗೇವಿನ ಸನದು

ಅವ್ವ ಮೊರದಲ್ಲಿ ತೊಗರಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಅವಳು ಆರಿಸಿದ್ದನ್ನು ನಾನು ಮತ್ತೊಮ್ಮೆ ನೋಡುತ್ತಿದ್ದೆ. ಜ್ಞಾನೇಶ್ವರ ಅಂಗಳಕ್ಕೆ ಬಂದು ನಿಂತಾಗಲೂ ಅವ್ವನ ಬೆರಳು ನಿಲ್ಲಲಿಲ್ಲ.

ಅವನು ಭಾಲ್ಕಿಯ ನನ್ನ ಸೋದರತ್ತೆ ಗಂಗುಬಾಯಿಯ ಮಗ. ನಾನು ಹುಟ್ಟಿದಾಗಲೇ ಅವನಿಗೆ ಕೊಡುವುದೆಂದು ಮಾತಾಗಿತ್ತು. ಅವನು ಬೀದರಿನಲ್ಲಿ ಹೈಸ್ಕೂಲು ಸೇರಿದ ವರ್ಷ ಅವನ ಖರ್ಚಿಗೆಂದು ಅಪ್ಪ ಕುರಿಗಳಲ್ಲಿ ಅರ್ಧ ಮಾರಿ, ಕಾಯುವ ಆಳನ್ನೂ ಬಿಡಿಸಿದ. ಉಳಿದ ಕುರಿ ಕಾಯಲು ನನ್ನನ್ನು ನಾಲ್ಕನೆಯ ತರಗತಿಯಿಂದ ಬಿಡಿಸಿ ಎಕಂಬಾದ ಹುಲ್ಲುಗಾವಲಿಗೆ ಕಳಿಸಿದ. ಮುಂದೆ ಜ್ಞಾನೇಶ್ವರ ವಾಲ್ಟೇರಿನ ವಿಶ್ವವಿದ್ಯಾಲಯ ಸೇರಿದಾಗ ಇನ್ನರ್ಧವೂ ಹೋಯಿತು. ಅಷ್ಟರಲ್ಲಿ ನನ್ನ ಓರಗೆಯವರಿಗೆಲ್ಲ ಎರಡೆರಡು ಮಕ್ಕಳಾಗಿದ್ದವು.

ಅವನ ಕಾಗದಗಳು ಉರ್ದುವಿನಲ್ಲಿ ಬರುತ್ತಿದ್ದವು. ಬದ್ರೋದ್ದೀನ ಮಾಸ್ತರರು ನಮ್ಮ ಕಟ್ಟೆಗೆ ಬಂದು ಓದಿ ಹೇಳುತ್ತಿದ್ದರು. ಗುಡ್ಡದ ಮೇಲೆ ಕಾಲೇಜು, ಕೆಳಗೆ ಸಮುದ್ರ, ಕಿಟಕಿ ತೆರೆದರೆ ಪುಸ್ತಕದ ಹಾಳೆ ಗಾಳಿಗೆ ತಾನೇ ಮಗುಚಿಕೊಳ್ಳುತ್ತದೆ. ಇಂಥವೇ. ಅವನು ಸಮುದ್ರ ನೋಡುತ್ತಿದ್ದ ವರ್ಷವೇ ರಜಾಕಾರರು ನಮ್ಮೂರಿಗೆ ಎರಡು ಸಲ ಬಂದರು. ನಿಜಾಮನ ರಾಜ್ಯ ಬಿಟ್ಟು ಹೊರಗಿನ ಮುಲುಕಿಗೆ ಹೋದ ಅಳಿಯ ಯಾರ ಕಡೆಯವನು ಎಂದು ಕೇಳಿ, ನಾಲ್ಕು ಜನರ ಮುಂದೆ ಅಪ್ಪನ ಕೆನ್ನೆಗೆ ಹೊಡೆದರು. ಅಪ್ಪ ಅದನ್ನು ಅವನಿಗೆ ಬರೆಸಲಿಲ್ಲ. ಓದುವ ಹುಡುಗ, ಮನಸ್ಸು ಕೆಡುತ್ತದೆ ಎಂದ.

ಪೊಲೀಸ್ ಆಕ್ಷನ್ ಆದ ವಾರ ಮಾಸ್ತರರು ಮನೆಗೆ ಬೀಗ ಹಾಕಿಕೊಂಡು ಹೋದರು. ಎಲ್ಲಿಗೆ ಎಂದು ಊರಲ್ಲಿ ಯಾರೂ ಕೇಳಲಿಲ್ಲ. ಆಮೇಲೆ ಬಂದ ಕಾಗದವನ್ನು ಅಪ್ಪ ನನ್ನ ಕೈಗೆ ಕೊಟ್ಟ.

"ಸಾಲ್ಯಾಗ ನೀನೂ ಉರ್ದೂನೇ ಕಲ್ತೀಯಲ್ಲವ್ವಾ, ಓದು."

ಮೊದಲ ಪುಟ ಸಮುದ್ರದ್ದು. ಎರಡನೆಯದರಲ್ಲಿ, ಓದು ಬಾರದ ಹುಡುಗಿಯ ಜೊತೆ ನನ್ನ ಬಾಳು ಸಾಗದು, ಆಕೆಗೆ ಬೇರೆ ಕಡೆ ನೋಡಿರಿ ಎಂದಿತ್ತು. ಒಂದಕ್ಷರವೂ ತೊದಲದೆ ಓದಿದೆ. ಅಪ್ಪ ಇನ್ನೊಮ್ಮೆ ಓದು ಎಂದ. ಇನ್ನೊಮ್ಮೆ ಓದಿದೆ.

ಈಗ ಅವನು ಪ್ಯಾಂಟು ಹಾಕಿಕೊಂಡು ನಮ್ಮ ಅಂಗಳದಲ್ಲಿ ನಿಂತಿದ್ದ. ಜೊತೆಗೆ ಅತ್ತೆ ಬಂದಿರಲಿಲ್ಲ. ಅಪ್ಪ ಕಟ್ಟೆಯ ಮೇಲೆ ಕೂತಿದ್ದ.

"ಮಾವ, ನನ್ನ ಮ್ಯಾಟ್ರಿಕ್ ಸನದು ಬೇಕಾಗ್ಯಾದರಿ. ಮಾರ್ಚಿನಾಗ ಕಡೀ ಪರೀಕ್ಷಾ. ಅಸಲು ತೋರಿಸಲಿಲ್ಲಂದ್ರ ಕೂಡಸಾಂಗಿಲ್ಲ ಅಂತಾರ."

"ಬೀದರದಾಗ ಇನ್ನೊಂದು ನಕಲು ತಗೋಬೇಕಿಲ್ಲೋ?"

"ಕೇಳಿ ಬಂದೇನ್ರಿ. ದಫ್ತರೆಲ್ಲ ಗದ್ದಲದಾಗ ಸುಟ್ಟಾವಂತ. ಇರೋದು ಅದೊಂದೇ."

ಗಲಾಟೆಯ ದಿನಗಳಲ್ಲಿ ಅತ್ತೆ ಆ ಸನದನ್ನು ತಗಡಿನ ಡಬ್ಬಿಯಲ್ಲಿ ಹಾಕಿ ನಮ್ಮಲ್ಲಿಗೆ ತಂದಿದ್ದಳು. ಅಪ್ಪ ಅದನ್ನು ಹಗೇವಿನಲ್ಲಿ, ನೆಲದಡಿಯ ಆ ಕಣಜದ ತಳದಲ್ಲಿ, ಜೋಳದ ಕೆಳಗಿನ ಹುಲ್ಲಿನಲ್ಲಿ ಹುಗಿದಿದ್ದ. ಈಗಲೂ ಅಲ್ಲೇ ಇದೆ ಎಂದು ನಂಬಿದ್ದ.

ಸನದು ಅಲ್ಲಿರಲಿಲ್ಲ. ದೀಪಾವಳಿಗೆ ಹಗೇವು ತೆಗೆದಾಗ ಸಣ್ಣ ಮೈಯವಳೆಂದು ನನ್ನನ್ನೇ ಇಳಿಸಿದ್ದರು. ಕಾಗದ ಓದಿ ಆಗ ಎಂಟು ದಿನ. ಡಬ್ಬಿ ತೆರೆದು ಸನದು ಸುರುಳಿ ಸುತ್ತಿ ಕುಪ್ಪಸದಲ್ಲಿಟ್ಟುಕೊಂಡು ಮೇಲೆ ಬಂದೆ. ಜೋಳದ ಚೀಲವೊಂದರ ನಡುವೆ ಅದನ್ನು ತುರುಕಿ, ದಬ್ಬಣದಿಂದ ಬಾಯಿ ಹೊಲಿದೆ. ಅವ್ವ ಚೀಲ ಹಿಡಿದುಕೊಂಡಿದ್ದಳು. ನೋಡಿದಳು. ಮರುದಿನ ಅಪ್ಪ ಬಂಡಿ ಕಟ್ಟಿಕೊಂಡು ಎಲ್ಲ ಚೀಲಗಳನ್ನೂ ಬೀದರಿನ ಧಾನ್ಯದ ಪೇಟೆ ಗಂಜಿಗೆ ಹಾಕಿ ಬಂದ.

ಹಗೇವಿನ ಬಾಯಿಯ ಕಲ್ಲು ಸರಿಸಿ, ಕೆಟ್ಟ ಗಾಳಿ ಹೋಗಲೆಂದು ಅಪ್ಪ ಮಧ್ಯಾಹ್ನದವರೆಗೆ ಬಿಟ್ಟ. ಕಂದೀಲು ಇಳಿಸಿ ನೋಡಿದ. ಅದು ಆರಲಿಲ್ಲ.

ಜ್ಞಾನೇಶ್ವರ ಬಗ್ಗಿ ನೋಡಿ ಹಿಂದೆ ಸರಿದ. "ಎರಡಾಳು ಆಳ ಅದಲ್ಲರಿ, ಮಾವ."

"ಸಮುದ್ರ ನೋಡಿದಾವ ಹಗೇವಿಗಿ ಅಂಜ್ತೀ ಏನೋ?" ಅಪ್ಪ ನಕ್ಕ. "ಪ್ಯಾಂಟಿಗಿ ಧೂಳ ಹತ್ತಿದ್ರ ನಿಮ್ಮ ಮಾಸ್ತರು ಹೊಡೀತಾರೇನು?"

"ಕಾಂತಾ ಇಳೀತಿದ್ದಳಲ್ಲರಿ..." ಎಂದು ನನ್ನ ಕಡೆ ಕೈ ತೋರಿದ.

"ಇಳೀತಿದ್ದಳಪ್ಪಾ," ಎಂದಳು ಅವ್ವ. ಆ ದಿನ ಅವನೊಡನೆ ಅವಳ ಮೊದಲ ಮಾತು. "ಓದು ಬರದಾಕಿ. ನಿನ್ನ ಸನದು ಯಾವ್ದು, ಹುಲ್ಲು ಯಾವ್ದು, ಆಕಿಗಿ ಹ್ಯಾಂಗ ತಿಳೀಬೇಕು?"

ಅವನು ಕೆಂಪಾದ. ಹಗ್ಗ ಹಿಡಿದು ಇಳಿದ. ಅಪ್ಪ ಹಗ್ಗ ಮೇಲೆಳೆದುಕೊಂಡು, ಅದಕ್ಕೆ ಕಂದೀಲು ಕಟ್ಟಿ ಬಿಟ್ಟ. ಕೆಳಗೆ ಅವನು ಕಂದೀಲು ಬಿಚ್ಚಿಕೊಂಡ. ಬರಿ ಹಗ್ಗ ಮೇಲೆ ಬಂತು.

ಹುಲ್ಲು ಕೆದರುವ ಸದ್ದು. ಕೆಮ್ಮು.

"ಡಬ್ಬಿ ಸಿಕ್ತರಿ, ಮಾವ!"

ಮುಚ್ಚಳ ತೆಗೆದ ಸದ್ದು.

"ಖಾಲಿ ಅದರಿ."

ಅಪ್ಪ ನಮ್ಮಿಬ್ಬರನ್ನೂ ನೋಡಿದ. ಅವ್ವ ನನ್ನನ್ನು ನೋಡಿದಳು. ನಾನು ಹಗೇವಿನ ಬಾಯಿಗೆ ಹೋಗಿ ಕುಕ್ಕರಗಾಲಿನಲ್ಲಿ ಕೂತೆ. ಅವನೊಡನೆ ನಾನು ಎಂದೂ ಮಾತಾಡಿದವಳಲ್ಲ.

"ಜೋಳದ ಚೀಲದಾಗ ಹಾಕೀನಿ," ಎಂದೆ. "ಗಂಜಿಗಿ ಹೋಗ್ಯಾದ. ಯಾವ ಊರಿಗಿ ಹೋತೋ ಗೊತ್ತಿಲ್ಲ. ನಿಮ್ಮ ಕಾಗದಾ ನಾನೇ ಓದೀನ್ರಿ. ಎರಡು ಸಲ."

ಕಂದೀಲಿನ ಬೆಳಕಿನಲ್ಲಿ ಅವನ ಮುಖ ಮೇಲಕ್ಕೆ ತಿರುಗಿತ್ತು. ಅವನನ್ನು ನಾನು ಅಷ್ಟು ಹೊತ್ತು ನೇರವಾಗಿ ನೋಡಿದ್ದು ಅದೇ ಮೊದಲು.

ಅಪ್ಪ ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಕೈಯಲ್ಲಿದ್ದ ಹಗ್ಗವನ್ನು ನಿಧಾನವಾಗಿ ಸುತ್ತಿದ. ಸುತ್ತಿ ನೆಲಕ್ಕಿಟ್ಟ. ಬೇವಿನ ನೆರಳಿಗೆ ಹೋಗಿ ಕೂತು, ಒಮ್ಮೆ ಕೆನ್ನೆ ಸವರಿಕೊಂಡು, ಬೀಡಿ ಹಚ್ಚಿದ. ಅವ್ವ ಕಂಬಕ್ಕೆ ಒರಗಿ ನಿಂತಳು.

"ಮಾವ," ಎಂದು ಕೆಳಗಿನಿಂದ ಕೇಳಿಸಿತು. "ಹಗ್ಗ ಬಿಡ್ರಿ."