ಪಾದ ಎತ್ತಬಾರದ ಕೋಣೆ

"ಬರೋ ವರ್ಷ ಇದನ್ನ ಬಿಟ್ಟು ಬಿಸಿನೀರಿನ ಬುಗ್ಗೆಗೆ ಯಾರ್ಯಾರು, ಕೈ ಎತ್ತಿ ನೋಡೋಣ" ಎಂದು ಲೊಯ್ಜೆ ಬಸ್ಸಿನ ಮೈಕಿನಲ್ಲಿ ಕೇಳಿದಾಗ, ಮುಂದಿನ ಸೀಟಿನಲ್ಲಿದ್ದ ಸ್ಟಾಂಕಾ ತಿರುಗಿ ನೋಡಲಿಲ್ಲ. ಕೋಟಿನ ತೋಳುಗಳು ಸರಿದ ಸದ್ದು ಕೇಳಿಸಿತು. ಒಂದೆರಡಲ್ಲ, ಬಸ್ಸಿನ ಮುಕ್ಕಾಲು ಪಾಲು ತೋಳುಗಳು. ಆಸ್ಟ್ರಿಯಾದ ಗಡಿ ದಾಟಿ ಬಸ್ಸು ಆಗಷ್ಟೇ ಲಿಖ್ಟೆನ್‌ಸ್ಟೈನ್ ಎಂಬ ಪುಟ್ಟ ದೇಶ ಸೇರಿತ್ತು.

"ಕೈ ಇಳಿಸಿ" ಎಂದಳು ಸ್ಟಾಂಕಾ, ಕೂತಲ್ಲಿಂದಲೇ. ಏಳನೇ ತರಗತಿಯನ್ನು ಸುಮ್ಮನಾಗಿಸುತ್ತಿದ್ದ ಅದೇ ದನಿ. "ಉಣ್ಣೋಕ್ಕೆ ಮುಂಚೆ ಯಾರಾದ್ರೂ ಉಪ್ಪು ಕಮ್ಮಿ ಅಂತಾರಾ? ಇವತ್ತಿನ ಪ್ರದರ್ಶನ ನೋಡಿ. ವಾಪಸ್ ಹೋಗ್ತಾ ಕೈ ಎತ್ತಿ. ಆಮೇಲೆ ನಾನು ಚಕಾರ ಎತ್ತಲ್ಲ."

"ಆಗ್ಲಿ ಟೀಚರ್. ಆದ್ರೆ ಇವತ್ತು ಏನಾದ್ರೂ ಕೂತ್ಕೊಂಡು ನೋಡೋ ಅಂಥದ್ದಿರ್ಲಿ" ಎಂದ ಲೊಯ್ಜೆ. ಬಸ್ಸೆಲ್ಲ ನಕ್ಕಿತು.

ಲೊಯ್ಜೆ ಜೀವಮಾನವೆಲ್ಲ ಮರದ ಸೌಟು, ಜರಡಿಗಳನ್ನು ಮಾರಿಕೊಂಡು ಊರೂರು ತಿರುಗಿದವನು. ಅವರ ಊರಾದ ರಿಬ್ನಿತ್ಸಾದ ಸೌಟಿನ ವ್ಯಾಪಾರಿಗಳ ಬಾಯಿಗೆ ಸಿಕ್ಕಿ ಉಳಿದವರು ಸ್ಲೊವೇನಿಯಾದಲ್ಲೇ ಇಲ್ಲ. ಆದರೆ ಅವನು ಸ್ಟಾಂಕಾಳ ಮೊಟ್ಟಮೊದಲ ತರಗತಿಯ ಹುಡುಗ. ಚಿತ್ರಕಲೆಯ ಪಿರಿಯಡ್ಡಿನಲ್ಲಿ ಹಸುವಿಗೆ ಐದು ಕಾಲು ಬರೆದು, ಒಂದು ಕಾಲು ನಡೆಯುತ್ತಿದೆ ಎಂದು ವಾದಿಸಿದ್ದ. ಅರವತ್ತು ದಾಟಿದ ಮೇಲೂ ಅವಳೆದುರು ಟೊಪ್ಪಿ ತೆಗೆದೇ ಮಾತಾಡುತ್ತಿದ್ದ.

ಊರಿನ ಪಿಂಚಣಿದಾರರ ಸಂಘದಲ್ಲಿ ಈ ಪ್ರವಾಸ ಶುರುಮಾಡಿದವಳೇ ಸ್ಟಾಂಕಾ. ವರ್ಷಕ್ಕೊಂದು ದೇಶ, ಅದೂ ಸಣ್ಣ ದೇಶ, ಅಲ್ಲಿ ಈಗ ಬದುಕಿರುವವರು ಮಾಡಿದ ಕಲೆ. ಪ್ಯಾರಿಸ್, ವಿಯೆನ್ನಾ ಎಂದವರ ಬಾಯಿ ಮುಚ್ಚಿಸುತ್ತಿದ್ದಳು: "ಅಲ್ಲಿ ಕಾಣೋದು ಮುಂದೆ ನಿಂತವನ ತಲೆ. ಸಣ್ಣ ದೇಶದಲ್ಲಿ ನೀವು ಬಂದಿದ್ದು ಅವರಿಗೆ ಗೊತ್ತಾಗುತ್ತೆ." ಹಾಗೆ ಅವರನ್ನು ಸ್ಕೋಪ್ಯೆಗೆ ಕರೆದೊಯ್ದಳು, ಲಕ್ಸೆಂಬರ್ಗಿಗೆ ಕರೆದೊಯ್ದಳು, ಮಾಲ್ಟಾಕ್ಕೆಂದು ಹಡಗನ್ನೂ ಹತ್ತಿಸಿದಳು. ಮ್ಯೂಸಿಯಂ ಬಾಗಿಲಲ್ಲಿ ಒಂದೇ ಕಟ್ಟಪ್ಪಣೆ: ಕೈ ಬೆನ್ನ ಹಿಂದೆ. ಇಷ್ಟು ವರ್ಷದಲ್ಲಿ ಅವಳ ಜನ ಒಂದನ್ನೂ ಮುಟ್ಟಿರಲಿಲ್ಲ. ಆ ಹೆಮ್ಮೆ ಅವಳಿಗಿತ್ತು.

ಅವರೇನೋ ನೋಡಿದರು. ಇದ್ದಿಲ ರಾಶಿ ನೋಡಿದರು, ಹೊತ್ತಿ ಆರುವ ಕೊಳವೆ ದೀಪ ನೋಡಿದರು, ಒಬ್ಬ ಗಂಡಸು ಗೋಡೆ ತೊಳೆಯುವುದನ್ನು ಪರದೆಯ ಮೇಲೆ ಕೊನೆತನಕ ನೋಡಿದರು. "ನನ್ನ ಗೋಡೆ ತೊಳೆಯೋಕ್ಕೂ ಕಳಿಸ್ತೀರಾ ಅಂತ ಕೇಳಿ ಟೀಚರ್" ಎಂದಿದ್ದಳು ಲೊಯ್ಜೆಯ ಹೆಂಡತಿ ಮಾಲ್ಚಿ. ಈಚೆಗೆ ಮಾಲ್ಚಿಯ ಮಂಡಿಗಳು ಕೈಕೊಟ್ಟಿದ್ದವು. ಬಿಸಿನೀರಿನ ಬುಗ್ಗೆಯಿದ್ದ ಊರು ಮನೆಯಿಂದ ಒಂದು ಗಂಟೆ ದಾರಿ. ಅಲ್ಲಿ ನೀರಲ್ಲಿ ಕೂತರೆ ಆಯಿತು, ಏನನ್ನೂ ಅರ್ಥಮಾಡಿಕೊಳ್ಳಬೇಕಾಗಿಲ್ಲ. ಸ್ಟಾಂಕಾಳಿಗೆ ಇದೆಲ್ಲ ತಿಳಿಯುತ್ತಿತ್ತು. ಈ ಪ್ರವಾಸ ನಿಂತರೆ ತಾನು ಟೀಚರ್ ಆಗಿರುವುದೂ ನಿಲ್ಲುತ್ತದೆ ಎಂಬುದು ಅದಕ್ಕಿಂತ ಚೆನ್ನಾಗಿ ತಿಳಿಯುತ್ತಿತ್ತು. ಅದಕ್ಕೆ ಅವಳಿಗೆ ಭಯವಿತ್ತು. ಕಲೆಯ ಬಗ್ಗೆ ಮಾತ್ರ ಅನುಮಾನವಿರಲಿಲ್ಲ. ಒಂದು ದಿನ ಇವರಿಗೂ ತಾಗುತ್ತದೆ ಎಂದೇ ನಂಬಿದ್ದಳು.

ಗ್ಯಾಲರಿ ಮೊದಲು ನೂಲಿನ ಗಿರಣಿಯಾಗಿದ್ದ ಕಟ್ಟಡದಲ್ಲಿತ್ತು. ಕಾವಲಿನ ಹೆಂಗಸು ಗೆರ್ಡಾ ಬಾಗಿಲಿಗೇ ಬಂದು ಎಲ್ಲರ ಕೈಕುಲುಕಿದಳು. ಇಷ್ಟು ಜನ ಒಟ್ಟಿಗೆ ಬಂದದ್ದು ಈ ಪ್ರದರ್ಶನಕ್ಕೆ ಇದೇ ಮೊದಲು ಎಂದಳು. ಸ್ಟಾಂಕಾ ತನ್ನ ಜನರತ್ತ ಒಂದು ನೋಟ ಬೀರಿದಳು. ಕೇಳಿದಿರಾ, ಎಂಬಂಥ ನೋಟ. ಜರ್ಮನ್ ಬಲ್ಲವಳು ಅವಳೊಬ್ಬಳೇ ಎಂಬುದು ಆಮೇಲೆ ನೆನಪಾಯಿತು.

ಮೊದಲ ಕೋಣೆಯಲ್ಲಿ ಬೂದು ಬಣ್ಣದ ಸಣ್ಣ ಸಣ್ಣ ಚಿತ್ರಗಳಿದ್ದವು. ಅವಳಿಗೆ ಹಿಡಿಸಿದವು. ಕನ್ನಡಕ ಮೂಗಿಗೇರಿಸಿ ಒಂದೊಂದರ ಮುಂದೆಯೂ ನಿಂತಳು, ಗೆರ್ಡಾಳನ್ನು ಅದು ಇದು ಕೇಳಿದಳು. ಉಳಿದವರು ಬೇಗಬೇಗ ನೋಡಿ ಒಳಕೋಣೆಯ ಕಡೆ ಸರಿದುಹೋದರು. ಕೂರಲು ಬೆಂಚು ಹುಡುಕುತ್ತಿರಬೇಕು ಎಂದುಕೊಂಡಳು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಸದ್ದು ಬಂತು. ಸರ್, ಸರ್ ಎಂದು ನೆಲ ಉಜ್ಜುವಂಥ ಸದ್ದು, ನಡುನಡುವೆ ನಗು. ಮ್ಯೂಸಿಯಮ್ಮಿನಲ್ಲಿ ತನ್ನ ಜನ ನಕ್ಕದ್ದನ್ನು ಸ್ಟಾಂಕಾ ಕೇಳಿಯೇ ಇರಲಿಲ್ಲ. ಅವರು ಹೊರಗೆ ಬಂದ ಮೇಲೆ ನಗುವವರು. ಗೆರ್ಡಾಳ ಮುಖ ಬಿಳಿಚಿತು. ಇಬ್ಬರೂ ಓಡಿದರು.

ಒಳಗೆ ಒಂದು ಹಳೆಯ ಮ್ಯೂಸಿಯಮ್ಮಿನ ಕೋಣೆಯನ್ನೇ ತಂದಿಟ್ಟಂತಿತ್ತು. ಮರದ ಪಟ್ಟಿ ಜೋಡಿಸಿದ ನೆಲ, ಗೋಡೆಯುದ್ದಕ್ಕೂ ಖಾಲಿ ಗಾಜಿನ ಬೀರುಗಳು, ಮೂಲೆಯಲ್ಲಿ ಕಾವಲಿನವರ ಕುರ್ಚಿ, ಅದರ ಮೇಲೆ ಕೈಹೊಲಿಗೆಯ ದಿಂಬು. ಹೊಸ್ತಿಲ ಬಳಿ ಒಂದು ಮರದ ಪೆಟ್ಟಿಗೆ. ನೆಲ ಗೀರದಿರಲೆಂದು ಬೂಟಿನ ಮೇಲೇ ಹಾಕಿಕೊಳ್ಳುವ ದೊಡ್ಡ ದೊಡ್ಡ ಉಣ್ಣೆಯ ಮೆಟ್ಟುಗಳು ಅದರಲ್ಲಿದ್ದಿರಬೇಕು. ಈಗ ಪೆಟ್ಟಿಗೆ ಖಾಲಿ. ಮೆಟ್ಟುಗಳೆಲ್ಲ ರಿಬ್ನಿತ್ಸಾದವರ ಕಾಲಿನಲ್ಲಿದ್ದವು. ಲೊಯ್ಜೆ ಟೀಚರ್ ಹೇಳಿಕೊಟ್ಟಂತೆ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಗೋಡೆಯಿಂದ ಗೋಡೆಗೆ ಜಾರಿಕೊಂಡು ಹೋಗುತ್ತಿದ್ದ. ಮಾಲ್ಚಿಯನ್ನು ಇಬ್ಬರು ಹೆಂಗಸರು ಎರಡು ತೋಳು ಹಿಡಿದು ದೋಣಿಯಂತೆ ತೇಲಿಸುತ್ತಿದ್ದರು. "ನಿಧಾನ ಕಣ್ರೇ, ನಾನೇನು ಮದುವೆ ಹುಡುಗೀನಾ" ಎಂದು ಅವಳು ಬೈಯುತ್ತಿದ್ದಳು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು.

"ನಿಲ್ಲಿ" ಎಂದಳು ಗೆರ್ಡಾ. ಭಾಷೆ ಬರದಿದ್ದರೂ ಎಲ್ಲರಿಗೂ ಅರ್ಥವಾಯಿತು.

"ಏನಾಯ್ತು ಟೀಚರ್?" ಎಂದ ಲೊಯ್ಜೆ. "ಮೆಟ್ಟು ಹಾಕ್ಕೊಂಡೇ ಬಂದ್ವಲ್ಲ. ಹಾಕ್ಕೊಳ್ದೆ ಕಾಲಿಟ್ರೆ ಅಲ್ವಾ ಬೈಬೇಕು?"

ಗೆರ್ಡಾ ಹೊಸ್ತಿಲ ಪಕ್ಕದ ಸಣ್ಣ ಫಲಕ ತೋರಿಸಿದಳು. ಸ್ಟಾಂಕಾ ಓದಿದಳು. ಲಾಟ್ವಿಯಾದ ಒಂದು ಸಣ್ಣ ಊರಿನಲ್ಲಿ ನೋಡಲು ಯಾರೂ ಬರದೆ ಮುಚ್ಚಿಹೋದ ಮ್ಯೂಸಿಯಂ. ಕಲಾವಿದೆ ಸರ್ಮಿತೆಯ ತಾಯಿ ಅಲ್ಲಿ ಕಾವಲಿನವಳಾಗಿದ್ದಳು. ಮುಚ್ಚಿದ ಎಷ್ಟೋ ವರ್ಷಗಳ ಮೇಲೆ ಸರ್ಮಿತೆ ಬೀಗ ತೆಗೆಸಿ, ಆ ನೆಲದ ಮೇಲೆ ಕೂತಿದ್ದ ಧೂಳನ್ನು ಕುಂಚದಿಂದ ಬಳಿದು ತಂದು, ಇಲ್ಲಿ ಈ ನೆಲದ ಮೇಲೆ ಜರಡಿ ಹಿಡಿದಿದ್ದಳು. ಆ ಧೂಳೇ ಕೃತಿ. ಹೊಸ್ತಿಲಲ್ಲಿ ಎಳೆದ ಗೆರೆಯ ಹೊರಗೇ ನಿಂತು ನೋಡತಕ್ಕದ್ದು.

ಸ್ಟಾಂಕಾ ನೆಲ ನೋಡಿದಳು. ಕಿಟಕಿಯ ಕೆಳಗಿನ ಒಂದು ಮೂಲೆ ಬಿಟ್ಟರೆ ಧೂಳೇ ಉಳಿದಿರಲಿಲ್ಲ. ನೆಲ ತುಪ್ಪ ಸವರಿದಂತೆ ಹೊಳೆಯುತ್ತಿತ್ತು.

ಕಲಾವಿದೆ ಪ್ರದರ್ಶನ ಮುಗಿಯುವತನಕ ಮೇಲಿನ ಕೋಣೆಯಲ್ಲೇ ಇದ್ದಾಳೆ ಎಂದು ಹೇಳಿ ಗೆರ್ಡಾ ಮೆಟ್ಟಿಲು ಹತ್ತಿದಳು. ಸ್ಟಾಂಕಾ ತನ್ನವರಿಗೆ ಫಲಕದಲ್ಲಿದ್ದದ್ದನ್ನು ಹೇಳಿದಳು. ಲೊಯ್ಜೆ ಮೆಟ್ಟು ಬಿಚ್ಚಲು ಬಗ್ಗಿದ, ಬಿಚ್ಚುವುದೂ ತಪ್ಪಾದೀತೇನೋ ಎಂದು ಹಾಗೇ ನಿಂತ.

"ಮುಗೀತು ಬಿಡಿ ಟೀಚರ್" ಎಂದ ಸಣ್ಣಗೆ. "ಕೈ ಎತ್ತೋದೂ ಬೇಡ ಈಗ. ನಮ್ಮಂಥೋರು ಬಿಸಿನೀರಿಗೇ ಲಾಯಕ್ಕು."

ಅವನು ತಮಾಷೆಗೆ ಹೇಳಿದ್ದಲ್ಲ. ಅದು ಸ್ಟಾಂಕಾಳಿಗೆ ಚುಚ್ಚಿತು.

ಸರ್ಮಿತೆ ಬಂದಳು. ಐವತ್ತರ ಆಸುಪಾಸಿನ, ಗಿಡ್ಡ ಕೂದಲಿನ ಹೆಂಗಸು, ಕೈಯಲ್ಲಿನ್ನೂ ಕಾಫಿಯ ಲೋಟ. ಹೊಸ್ತಿಲಲ್ಲಿ ನಿಂತು ನೆಲವನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ಬೈಯಲಿಲ್ಲ. ಲೋಟ ಗೆರ್ಡಾಳಿಗೆ ಕೊಟ್ಟಳು.

"ಇನ್ನು ಆ ಧೂಳು ಸಿಗೋದಿಲ್ಲ" ಎಂದಳು ಜರ್ಮನ್‌ನಲ್ಲಿ. "ಆ ಕಟ್ಟಡದಲ್ಲಿ ಈಗ ಟೈರಿನ ಅಂಗಡಿ ಇದೆ. ಇವರು ಯಾರು?"

ಸ್ಟಾಂಕಾಳ ನಾಲಿಗೆಯ ತುದಿಯಲ್ಲಿ ಮಾತು ಸಿದ್ಧವಾಗಿತ್ತು. ವಯಸ್ಸಾದವರು, ಹಳ್ಳಿಯವರು, ತಿಳಿಯದೆ ಮಾಡಿದ್ದಾರೆ, ಕ್ಷಮಿಸಿ. ಇಷ್ಟು ವರ್ಷ ಮ್ಯೂಸಿಯಮ್ಮಿನವರ ಮುಂದೆ ಅವಳು ಮನಸ್ಸಿನಲ್ಲೇ ಹೇಳಿಕೊಂಡು ಬಂದ ಮಾತು. ತನ್ನ ಜನರ ಕಡೆ ನೋಡಿದಳು. ಅಷ್ಟು ದೊಡ್ಡ ಮೆಟ್ಟುಗಳಲ್ಲಿ, ಮುಖ ಕೆಂಪಾಗಿ, ತಲೆ ತಗ್ಗಿಸಿ ನಿಂತಿದ್ದರು. ಈಗ ತಾನೆ ಈ ಕೋಣೆಯಲ್ಲಿ ಅವರು ನಕ್ಕಿದ್ದರು. ಇವರಿಗೆ ತಾಗಲಿ ಎಂದು ದೇಶದೇಶ ಸುತ್ತಿದವಳು, ತಾಗಿದಾಗ ಕ್ಷಮೆ ಕೇಳಬೇಕೆ? ಅವಳಿಗೆ ಕೋಪ ಬಂತು. ತನ್ನ ಮೇಲೇ ಬಂತು.

"ಇವರು ನನ್ನವರು" ಎಂದಳು. "ನಾನು ಇವರ ಟೀಚರ್. ಫಲಕ ಓದಿ ಹೇಳಬೇಕಾದವಳು ನಾನು, ಹೇಳಲಿಲ್ಲ. ಧೂಳು ಹೋದದ್ದಕ್ಕೆ ಬೈಯೋದಿದ್ರೆ ನನ್ನ ಬೈಯಿರಿ. ಆದರೆ ಇವರು ಹಾಳುಮಾಡೋಕ್ಕೆ ಬಂದವರಲ್ಲ. ನೀವು ಮೆಟ್ಟಿನ ಪೆಟ್ಟಿಗೆ ಇಟ್ರಿ. ನಮ್ಮ ಕಡೆ ಮೆಟ್ಟು ಇಟ್ರೆ ಒಳಗೆ ಬನ್ನಿ ಅಂತಲೇ ಅರ್ಥ. ಯಾರೂ ಬರಲಿಲ್ಲ ಅಂತ ಬರೆದಿದ್ದೀರಿ. ಇವರು ಬಂದ್ರು."

ಪ್ರದರ್ಶನ ಶುರುವಾದಾಗಿನಿಂದ ಬಂದವರೆಲ್ಲ ಗೆರೆಯ ಹತ್ತಿರ ನಿಂತು, ಫೋಟೊ ತೆಗೆದು, ಮುಂದಕ್ಕೆ ಹೋದವರೇ ಎಂದು ಗೆರ್ಡಾ ನಡುವೆ ಹೇಳಿದಳು. ಅದು ಸರ್ಮಿತೆಗೆ ಕೇಳಿಸಿತೋ ಇಲ್ಲವೋ. ಅವಳ ಕಣ್ಣು ಲೊಯ್ಜೆಯ ಕಾಲಿನ ಮೇಲಿತ್ತು.

"ಇಷ್ಟು ಸಮನಾಗಿ ಉಜ್ಜಬೇಕಾದ್ರೆ ಪಾದ ಎತ್ತದೆ ನಡೆದಿರಬೇಕು. ಅದು ಇವರಿಗೆ ಹ್ಯಾಗೆ ಗೊತ್ತು ಕೇಳಿ" ಎಂದಳು ಸರ್ಮಿತೆ.

ಸ್ಟಾಂಕಾ ಕೇಳಿದಳು. ಲೊಯ್ಜೆ ಟೊಪ್ಪಿ ತೆಗೆದ.

"ನೀವೇ ಕರ್ಕೊಂಡು ಹೋಗಿದ್ರಲ್ಲ ಟೀಚರ್, ಸ್ಕೂಲಿಂದ, ಕೋಟೆ ಮ್ಯೂಸಿಯಂಗೆ. ಅಲ್ಲೊಬ್ಳು ಕಾವಲಿನೋಳು ಇದ್ಳು, ಕುರ್ಚಿ ಮೇಲೆ, ಬೆಟ್ಟದ ಹಾಗೆ. ಪಾದ ಎತ್ತಿದ್ರೆ ಕತ್ತರಿಸಿ ಕೈಗೆ ಕೊಡ್ತೀನಿ, ಎಳ್ಕೊಂಡು ನಡೀರಿ, ನೆಲಾನೂ ಹೊಳೀಲಿ ಅಂತಿದ್ಳು. ಅವತ್ತು ಕತ್ತಿ ಗಿತ್ತಿ ಏನು ನೋಡಿದ್ವೋ ಒಂದೂ ನೆನಪಿಲ್ಲ. ನೆಲ ಉಜ್ಜಿದ್ದು ನೆನಪಿದೆ. ಅಷ್ಟು ಖುಷಿ ನಂಗೆ ಆಮೇಲೆ ಯಾವ ಮ್ಯೂಸಿಯಮ್ಮಲ್ಲೂ ಆಗಿರ್ಲಿಲ್ಲ, ಬೇಜಾರು ಮಾಡ್ಕೋಬೇಡಿ."

ಸ್ಟಾಂಕಾ ಒಂದು ಮಾತೂ ಬಿಡದೆ ಅದನ್ನೆಲ್ಲ ಜರ್ಮನ್‌ನಲ್ಲಿ ಹೇಳಿದಳು, ಬೆಟ್ಟವನ್ನೂ ಸೇರಿಸಿ. ಸರ್ಮಿತೆಯ ತುಟಿ ಒಂದು ಕಡೆ ಸ್ವಲ್ಪ ಸರಿಯಿತು.

"ನಮ್ಮಮ್ಮ ಕಿವಿ ಕತ್ತರಿಸ್ತೀನಿ ಅಂತಿದ್ಳು" ಎಂದಳು. "ಪಾದ ಎತ್ತಿದ್ರೆ ಕಿವಿ ಯಾಕೆ ಅಂತ ಒಬ್ಬರೂ ಕೇಳಲಿಲ್ಲ."

ಸ್ಟಾಂಕಾ ಅದನ್ನು ಸ್ಲೊವೇನಿಯನ್‌ಗೆ ತಿರುಗಿಸಿದಳು. ಮೊದಲು ನಕ್ಕವಳು ಮಾಲ್ಚಿ. ನಕ್ಕದ್ದು ಸರಿಯೋ ತಪ್ಪೋ ಎಂದು ಬಾಯಿಗೆ ಕೈ ಅಡ್ಡ ಹಿಡಿದಳು. ಅಷ್ಟರಲ್ಲಿ ಸರ್ಮಿತೆಯೇ ನಗುತ್ತಿದ್ದಳು, ಜೊತೆಗೆ ಅಂಗಿಯ ತೋಳಿನಿಂದ ಮೂಗನ್ನೂ ಒರೆಸಿಕೊಳ್ಳುತ್ತಿದ್ದಳು. ಗೆರ್ಡಾ ಏನು ಮಾಡಬೇಕೆಂದು ತೋಚದೆ ಕಾಫಿಯ ಲೋಟ ಹಿಡಿದು ನಿಂತಿದ್ದಳು.

"ಆ ಮೂಲೆ ಬಾಕಿ ಇದೆ" ಎಂದಳು ಸರ್ಮಿತೆ ಕೊನೆಗೆ, ಕಿಟಕಿಯ ಕೆಳಗೆ ಬೆರಳು ತೋರಿಸಿ. "ಅರ್ಧಕ್ಕೆ ಬಿಟ್ರೆ ಅಮ್ಮನಿಗೆ ಆಗ್ತಿರಲಿಲ್ಲ."

ಯಾರಿಗೂ ನಂಬಿಕೆ ಬರಲಿಲ್ಲ. ಸ್ಟಾಂಕಾ ಎರಡನೇ ಸಲ ಹೇಳಬೇಕಾಯಿತು. ಲೊಯ್ಜೆ ಹೆಂಡತಿಯ ಕಡೆ ನೋಡಿದ. ಇಬ್ಬರೂ ತೋಳಿಗೆ ತೋಳು ಸೇರಿಸಿಕೊಂಡು ಕಿಟಕಿಯ ಕಡೆಗೆ ಹೊರಟರು, ಎಲ್ಲರೂ ಹಿಂದೆ ಹೊರಟರು. ಉಣ್ಣೆ ಮರವನ್ನು ಉಜ್ಜುವ ಸದ್ದು ಮತ್ತೆ ಶುರುವಾಯಿತು. ಈ ಸಲ ಯಾರೂ ನಗಲಿಲ್ಲ. ಕೆಲಸದಂತೆ, ಅಚ್ಚುಕಟ್ಟಾಗಿ, ಸಾಲು ಹಿಡಿದು ಉಜ್ಜಿದರು.

ಮೂಲೆ ಮುಗಿಸಿ ಲೊಯ್ಜೆ ಬೆವರು ಒರೆಸಿಕೊಂಡ. "ಟೀಚರ್, ಆಯಮ್ಮನ್ನ ಒಂದು ಮಾತು ಕೇಳಿ. ಬರೋ ವರ್ಷ ಈ ಕೋಣೇನ ಎಲ್ಲಿ ಇಡ್ತಾರೆ ಅಂತ. ಯಾವ ದೇಶವಾದ್ರೂ ಸರಿ. ಬಸ್ಸಿನ ಏರ್ಪಾಡು ನಂದು, ಜನ ನಮ್ದು. ನಾವು ಬಂದು ನಡೆದು ಕೊಡ್ತೀವಿ."

"ಮತ್ತೆ ಬಿಸಿನೀರು?" ಎಂದಳು ಸ್ಟಾಂಕಾ.

"ಅದನ್ನ ನಾನು ಮನೇಲೇ ಕಾಯಿಸ್ಕೋತೀನಿ" ಎಂದಳು ಮಾಲ್ಚಿ. ಹಿಂದಿನಿಂದ ಯಾರೋ ಹೂಂ ಎಂದರು, ಇನ್ನೊಬ್ಬರು ಹೂಂ ಎಂದರು.

ಸ್ಟಾಂಕಾ ಜರ್ಮನ್‌ನಲ್ಲಿ ಹೇಳಲು ಸರ್ಮಿತೆಯ ಕಡೆ ತಿರುಗಿದಳು. ಸರ್ಮಿತೆ ಆಗಲೇ ಮೂಲೆಯ ಕಾವಲಿನವರ ಕುರ್ಚಿಯಲ್ಲಿ, ದಿಂಬಿನ ಮೇಲೆ ಕೂತಿದ್ದಳು. ಅತ್ತ ಕಡೆಯಿಂದ ಜಾರಿಕೊಂಡು ಬರುತ್ತಿದ್ದವರಿಗೆ ದಾರಿಯಾಗಲೆಂದು ಎರಡೂ ಪಾದಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡಳು.